ವೃದ್ಧಭರಣವೂ ಬರೆದಿಟ್ಟ ನಿಬಂಧನೆಯೂ

ಕನ್ನಡದಲ್ಲಿ ‘ಶಾಸನ’ವೆಂಬ ಮಾತಿಗೆ ಮೂರು ಪ್ರಯೋಗಗಳುಂಟು. ಅರಸನು ಅಥವಾ ಊರ ಮಹಾಜನರು ಕಲ್ಲಿನ ಮೇಲೆ ಕೆತ್ತಿಸಿದ ದಾನದ ಒಕ್ಕಣೆ ಶಿಲಾಶಾಸನ. ಶಾಸನಸಭೆಯು ಮಾಡಿದ ಕಾನೂನೂ ಶಾಸನ. ಮನೆಯ ಹಿರಿಯನು ತನ್ನ ತರುವಾಯ ಸ್ವತ್ತು ಯಾರಿಗೆ ಸೇರಬೇಕೆಂದು ಬರೆದಿಡುವ ಪತ್ರ ಮರಣಶಾಸನ. ಈ ಮೂರೂ ಒಂದೇ ಹೆಸರನ್ನು ಪಡೆದುದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ನೆನಪಿಗೂ ಬಾಯಿಮಾತಿಗೂ ಬಿಟ್ಟರೆ ಕೆಡುವ ಸಂಗತಿಯನ್ನು ಬರಹದಲ್ಲಿ ನಿಲ್ಲಿಸುವುದು ಮೂರಕ್ಕೂ ಸಮಾನವಾದ ಉದ್ದೇಶ. ಪ್ರಕೃತ ಲೇಖನದಲ್ಲಿ ನಾವು ಇಂಥ ಒಂದು ಸಂಗತಿಯನ್ನು, ಎಂದರೆ ಮುಪ್ಪಿನಿಂದಲೋ ದೀರ್ಘವಾದ ಕಾಯಿಲೆಯಿಂದಲೋ ತನ್ನನ್ನು ತಾನು ನೋಡಿಕೊಳ್ಳಲಾರದವನ ಭರಣವನ್ನು, ನಮ್ಮ ಕಾನೂನಿನ ಚರಿತ್ರೆಯಲ್ಲಿ ಯಾವ ಯಾವ ಕಾಲದಲ್ಲಿ ಯಾವುದಕ್ಕೆ ಕಟ್ಟಿಹಾಕಲಾಗಿತ್ತು ಎಂಬುದನ್ನು ಪರಿಶೀಲಿಸಲು ಯತ್ನಿಸಿದ್ದೇವೆ. ಭರಣದ ಹೊಣೆಯು ಸ್ವತ್ತಿಗೆ ಅಂಟಿಕೊಂಡಿದ್ದಾಗ ಅದಕ್ಕೆ ಇದ್ದ ಬಲವು, ವಾತ್ಸಲ್ಯವೊಂದನ್ನೇ ನೆಚ್ಚಿಕೊಂಡಾಗ ಇರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರಗಳನ್ನು ಮುಂದೆ ಕೊಡುತ್ತೇವೆ.

ಹೆತ್ತವರನ್ನು ಸಾಕುವುದು ಧರ್ಮವೆಂದು ಹೇಳದ ಗ್ರಂಥ ನಮ್ಮಲ್ಲಿಲ್ಲ. ಆದರೆ ಧರ್ಮವೆಂದು ಹೇಳುವುದು ಬೇರೆ, ತಪ್ಪಿದವನಿಗೆ ದಂಡ ವಿಧಿಸುವುದು ಬೇರೆ. ಈ ಎರಡನೆಯದನ್ನು ಸ್ಪಷ್ಟವಾಗಿ ಮಾಡಿದ ಪ್ರಾಚೀನ ಗ್ರಂಥವೆಂದರೆ ಕೌಟಿಲೀಯ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಈ ಗ್ರಂಥವನ್ನು ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟರೆಂಬುದು ಸುವಿದಿತವಾಗಿದೆ. ಅದರ ಎರಡನೆಯ ಅಧಿಕರಣದಲ್ಲಿ, ಶಕ್ತಿಯಿದ್ದೂ ತಂದೆತಾಯಿಗಳನ್ನು, ಹೆಂಡತಿಮಕ್ಕಳನ್ನು, ಪ್ರಾಪ್ತವಯಸ್ಕರಾಗದ ಸೋದರರನ್ನು ಸಾಕದವನಿಗೆ 12 ಪಣಗಳ ದಂಡವನ್ನು ಹೇಳಿದೆ. ಬಾಲರು, ವೃದ್ಧರು, ವ್ಯಸನಕ್ಕೆ ಸಿಕ್ಕಿದವರು, ಅನಾಥರು ಇವರನ್ನು ರಾಜನು ಪೋಷಿಸಬೇಕೆಂದೂ ಅಲ್ಲಿಯೇ ಇದೆ. ಎಂದರೆ ಮೊದಲು ಮನೆ, ಮನೆಯಿಲ್ಲದಲ್ಲಿ ಅರಸು. ಈ ಎರಡು ಮೆಟ್ಟಿಲುಗಳ ಏರ್ಪಾಡು ಹೆಚ್ಚುಕಡಿಮೆ ಹಾಗೆಯೇ ನಮ್ಮ ಕಾಲದವರೆಗೆ ಬಂದಿದೆ. ಹೆಂಡತಿಮಕ್ಕಳಿಗೆ ಜೀವನೋಪಾಯ ಮಾಡದೆ ಸನ್ಯಾಸ ಹಿಡಿಯುವವನಿಗೂ ಕೌಟಿಲ್ಯನು ದಂಡ ಹಾಕುತ್ತಾನೆ. ಮೋಕ್ಷದ ಹೆಸರಿನಲ್ಲಿಯೂ ಮನೆಯ ಸಾಲವನ್ನು ತಪ್ಪಿಸಿಕೊಳ್ಳಲು ಅವನು ಬಿಡುವುದಿಲ್ಲ.

ದಂಡದಿಂದ ಅನ್ನ ಹುಟ್ಟುವುದಿಲ್ಲವಷ್ಟೆ. ಅನ್ನವು ಹುಟ್ಟುವ ನೆಲ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡವನು ವಿಜ್ಞಾನೇಶ್ವರ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಅವನ ಆಶ್ರಯದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವು ಬಂಗಾಳವೊಂದನ್ನು ಬಿಟ್ಟರೆ ಬಹುಮಟ್ಟಿಗೆ ಇಡೀ ಭಾರತದ ಹಿಂದೂ ಕುಟುಂಬಗಳ ಸ್ವತ್ತಿನ ವ್ಯವಸ್ಥೆಯನ್ನು ನಿರ್ಣಯಿಸಿತು. ಕನ್ನಡ ನಾಡಿನ ನೆಲದಲ್ಲಿ ಹುಟ್ಟಿದ ಯಾವ ಗ್ರಂಥವೂ ಇಷ್ಟು ಜನರ ಮನೆಯೊಳಕ್ಕೆ ಇಷ್ಟು ಕಾಲ ಹೊಕ್ಕು ಕುಳಿತದ್ದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ಮಿತಾಕ್ಷರೆಯ ಮುಖ್ಯ ಸಿದ್ಧಾಂತ ಜನ್ಮಸ್ವತ್ವ. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ಜೀಮೂತವಾಹನನ ದಾಯಭಾಗದಲ್ಲಿ ಹೇಳಿರುವಂತೆ ಅದು ತಂದೆಯ ಮರಣದವರೆಗೆ ಕಾಯುವುದಿಲ್ಲ. ಇದು ಮಕ್ಕಳಿಗೆ ಅನುಕೂಲವಾದ ಸಿದ್ಧಾಂತವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರ ಇನ್ನೊಂದು ಮುಖವನ್ನು ನಾವು ಗಮನಿಸಬೇಕು. ಮಗನಿಗೆ ಹುಟ್ಟಿನಿಂದ ಹಕ್ಕು ಬಂದರೆ, ಆ ಹಕ್ಕು ತಂದೆ ಕೊಟ್ಟದ್ದಾಗುವುದಿಲ್ಲ. ತಂದೆಯ ಹಕ್ಕೂ ಹಾಗೆಯೇ ಮಗನು ಉಳಿಸಿಕೊಟ್ಟದ್ದಾಗುವುದಿಲ್ಲ. ಆಪತ್ಕಾಲ, ಕುಟುಂಬದ ಅಗತ್ಯ, ಧರ್ಮಕಾರ್ಯ ಇವುಗಳ ಹೊರತು ಸ್ಥಿರಸ್ವತ್ತನ್ನು ಒಬ್ಬನು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಪರಾಧೀನ ಮಾಡುವಂತಿಲ್ಲ. ಆದಕಾರಣ ಮುಪ್ಪಿನ ತಂದೆಯು ಮೋಹಕ್ಕೋ ಬಲಾತ್ಕಾರಕ್ಕೋ ಒಳಗಾಗಿ ಮನೆಹೊಲವನ್ನೆಲ್ಲ ಒಬ್ಬ ಮಗನಿಗೆ ಬರೆದುಕೊಟ್ಟು ಬರಿಗೈಯಾಗುವ ಸಂಭವವು ಈ ವ್ಯವಸ್ಥೆಯಲ್ಲಿ ವಿರಳವಾಗಿತ್ತು. ಅವನನ್ನು ಕಾಪಾಡುತ್ತಿದ್ದುದು ಮಕ್ಕಳ ಭಕ್ತಿಗಿಂತ ಹೆಚ್ಚಾಗಿ, ತನ್ನದನ್ನು ಪೂರ್ತಿಯಾಗಿ ಕೊಟ್ಟುಬಿಡಲು ಅವನಿಗೇ ಇಲ್ಲದ ಅಧಿಕಾರ.

ತಂದೆಯ ಬುದ್ಧಿಯೇ ಕೆಟ್ಟರೆ ಏನು ಗತಿ? ಈ ಪ್ರಶ್ನೆಯನ್ನು ಮಿತಾಕ್ಷರೆಯು ತಪ್ಪಿಸಿಕೊಂಡಿಲ್ಲ. ವಿಭಾಗದ ಕಾಲವನ್ನು ವಿಚಾರಿಸುವಾಗ ವಿಜ್ಞಾನೇಶ್ವರನು ಶಂಖನ ವಚನವನ್ನು ಆಧಾರವಾಗಿಟ್ಟುಕೊಂಡು, ತಂದೆಯು ವೃದ್ಧನಾಗಿದ್ದರೆ, ಚಿತ್ತವು ವಿಪರೀತವಾಗಿದ್ದರೆ, ಅಥವಾ ದೀರ್ಘರೋಗದಿಂದ ಪೀಡಿತನಾಗಿದ್ದರೆ ಅವನ ಇಚ್ಛೆಯಿಲ್ಲದೆಯೂ ಮಕ್ಕಳು ವಿಭಾಗ ಮಾಡಿಕೊಳ್ಳಬಹುದೆಂದು ನಿರ್ಣಯಿಸುತ್ತಾನೆ. ಮೇಲ್ನೋಟಕ್ಕೆ ಇದು ಕಠಿನವಾಗಿ ಕಾಣುತ್ತದೆ. ಹಾಸಿಗೆ ಹಿಡಿದವನ ಮನೆಯನ್ನು ಹಂಚಿಕೊಳ್ಳುವ ಅನುಮತಿಯಂತೆ ತೋರುತ್ತದೆ. ಆದರೆ ವಿಭಾಗವಾದಾಗ ತಂದೆಯ ಪಾಲು ತಂದೆಗೇ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು. ಮಕ್ಕಳಿಗೆ ಸಮಭಾಗ ಮಾಡುವಲ್ಲಿ ಸ್ತ್ರೀಧನವನ್ನು ಪಡೆಯದ ಪತ್ನಿಯರಿಗೂ ಸಮನಾದ ಪಾಲನ್ನು ಯಾಜ್ಞವಲ್ಕ್ಯನು ಹೇಳಿದ್ದಾನೆ. ತಂದೆ ತೀರಿಕೊಂಡ ಮೇಲೆ ವಿಭಾಗವಾದರೆ ತಾಯಿಗೂ ಹಾಗೆಯೇ. ದಕ್ಷಿಣದಲ್ಲಿ ಸ್ತ್ರೀಯರ ಈ ಪಾಲು ಕಾಲಕ್ರಮದಲ್ಲಿ ರೂಢಿತಪ್ಪಿ ಬರಿಯ ಜೀವನಾಂಶವಾಗಿ ಇಳಿಯಿತೆಂಬುದು ಬೇರೆ ಮಾತು.

ಇನ್ನೊಂದು ವಿಧಿಯು ಇದಕ್ಕಿಂತ ಪ್ರಖ್ಯಾತವೂ ಹೆಚ್ಚು ವಿವಾದಾಸ್ಪದವೂ ಆದದ್ದು. ಕುಂಟ, ಕುರುಡ, ಹುಚ್ಚ, ಜಡ, ವಾಸಿಯಾಗದ ರೋಗವುಳ್ಳವನು ಮೊದಲಾದವರಿಗೆ ದಾಯದಲ್ಲಿ ಪಾಲಿಲ್ಲ, ಆದರೆ ಅವರನ್ನು ಸಾಕಲೇಬೇಕು ಎಂಬುದು ಸ್ಮೃತಿಯ ನಿಯಮ. ಪಾಲನ್ನು ಕಸಿದುಕೊಂಡದ್ದು ಅನ್ಯಾಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. 1928ರ ಕಾಯಿದೆಯು ಈ ನಿಷೇಧವನ್ನು ಬಹುಮಟ್ಟಿಗೆ ತೆಗೆದುಹಾಕಿತು. ಉಳಿದದ್ದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಿಂದ ಹೋಯಿತು. ಆದಾಗ್ಯೂ ವಿಜ್ಞಾನೇಶ್ವರನು ಈ ನಿಯಮವನ್ನು ಎಷ್ಟು ಬಿಗಿಯಾದ ಎಲ್ಲೆಯೊಳಗೆ ಇಟ್ಟನೆಂಬುದು ಗಮನಾರ್ಹ. ದೋಷವು ವಿಭಾಗಕ್ಕೆ ಮುಂಚೆ ಇದ್ದರೆ ಮಾತ್ರ ಪಾಲಿಲ್ಲ. ವಿಭಾಗವಾದ ಮೇಲೆ ಬಂದರೆ ಕೈಸೇರಿದ ಪಾಲನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಔಷಧಾದಿಗಳಿಂದ ಗುಣವಾದರೆ ಪಾಲು ಮರಳಿ ಬರುತ್ತದೆ. ದೋಷವಿಲ್ಲದ ಅವನ ಮಕ್ಕಳಿಗೆ ಪಾಲುಂಟು, ಹೆಣ್ಣುಮಕ್ಕಳಿಗೆ ವಿವಾಹದವರೆಗೆ ಪೋಷಣೆಯುಂಟು. ಪಾಲು ತಪ್ಪಿದರೂ ಭರಣ ತಪ್ಪುವುದಿಲ್ಲ, ಅದನ್ನು ಪಾಲು ಪಡೆದವರ ಸ್ವತ್ತು ಹೊರಬೇಕು ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ.

ಇದು ಮನೆಯಿದ್ದವರ ಮಾತಾಯಿತು. ಮನೆಯಿಲ್ಲದವರಿಗೆ ಅದೇ ಕಾಲದ ಕನ್ನಡ ನಾಡಿನಲ್ಲಿ ಏನಿತ್ತು ಎಂಬುದಕ್ಕೆ ಬಳ್ಳಿಗಾವೆಯ ಶಾಸನಗಳನ್ನು ನೋಡಬೇಕು. ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿಗೆ ಸೇರಿದ ಈ ಊರು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿ ಮೆರೆದಿತ್ತು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖರ ಕೋಡಿಯ ಮಠದ ವಿಚಾರವಾಗಿ 1162ರ ಶಾಸನವೊಂದುಂಟು. ಚಾಲುಕ್ಯರಿಂದ ಕಲ್ಯಾಣವನ್ನು ಕೈವಶ ಮಾಡಿಕೊಂಡಿದ್ದ ಕಳಚುರಿ ಬಿಜ್ಜಳನ ಕಾಲದ್ದು; ಆಗ ಮಠದ ಆಚಾರ್ಯನಾಗಿದ್ದವನು ವಾಮಶಕ್ತಿ. ವೇದಗಳು, ದರ್ಶನಗಳು, ಹಲವು ವ್ಯಾಕರಣಗಳು ಇಲ್ಲಿ ಪಾಠವಾಗುತ್ತಿದ್ದವೆಂದು ಶಾಸನವು ಮಠವನ್ನು ವರ್ಣಿಸುತ್ತದೆ. ವಿದ್ವಾಂಸರು ಸಾಮಾನ್ಯವಾಗಿ ಆ ಭಾಗವನ್ನು ಉದಾಹರಿಸಿ ಅಷ್ಟಕ್ಕೆ ನಿಲ್ಲಿಸುವುದುಂಟು. ನಮಗೆ ಬೇಕಾದದ್ದು ಅದರ ಮುಂದಿನ ಭಾಗ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನವನ್ನು ಕೊಡುವ ಸ್ಥಾನವೆಂದೂ, ಗತಿಯಿಲ್ಲದ ರೋಗಿಗಳ ನಾನಾ ವ್ಯಾಧಿಗಳಿಗೆ ಚಿಕಿತ್ಸೆ ಮಾಡುವ ಸ್ಥಾನವೆಂದೂ, ಸಕಲ ಪ್ರಾಣಿಗಳಿಗೆ ಅಭಯವೀಯುವ ಸ್ಥಾನವೆಂದೂ ಅದೇ ಶಾಸನದಲ್ಲಿ ಹೇಳಿದೆ. ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು ಮೊದಲಾಗಿ ಬೇರೆ ಬೇರೆ ಮತಗಳ ಯತಿಗಳಿಗೂ ಅಲ್ಲಿ ಅನ್ನವಿತ್ತು.

ಮಿತಾಕ್ಷರೆಯು ಮನೆಯೊಳಗೆ ಭರಣಕ್ಕೆ ಅರ್ಹರೆಂದು ಎಣಿಸುವವರನ್ನೂ ಮಠದ ಬಾಗಿಲಲ್ಲಿ ಅನ್ನ ಪಡೆಯುವವರನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಕುಂಟ, ಕುರುಡ, ವಾಸಿಯಾಗದ ರೋಗಿ ಎಂದು ಹೆಚ್ಚುಕಡಿಮೆ ಅದೇ ಹೆಸರುಗಳು ಕಾಣಿಸುತ್ತವೆ. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರೆಂದು ನಾವು ಹೇಳಲು ಹೊರಟಿಲ್ಲ. ಸಮಾಜವು ಯಾರನ್ನು ಅಸಮರ್ಥರೆಂದು ಕಂಡಿತ್ತು ಎಂಬುದರಲ್ಲಿ ಅರಮನೆಯ ಧರ್ಮಶಾಸ್ತ್ರಿಗೂ ಮಠದ ಕವಿಗೂ ಭೇದವಿರಲಿಲ್ಲ ಎಂಬಷ್ಟನ್ನು ಹೇಳಬಹುದು.

ಇಂಥ ದಾನಗಳ ಒಕ್ಕಣೆಯ ರೀತಿ ನಮ್ಮ ವಿಷಯಕ್ಕೆ ಬಹುಮುಖ್ಯ. ಶಾಸನವು ಊರನ್ನೋ ಗದ್ದೆಯನ್ನೋ ಸುಮ್ಮನೆ ‘ಕೊಟ್ಟೆ’ನೆಂದು ಹೇಳಿ ಮುಗಿಸುವುದಿಲ್ಲ. ದೇವರ ಅಂಗಭೋಗ ರಂಗಭೋಗಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ತಪೋಧನರ ಆಹಾರದಾನಕ್ಕೆ, ವಿದ್ಯಾದಾನಕ್ಕೆ ಎಂದು ಯಾವ ಹುಟ್ಟುವಳಿ ಯಾವುದಕ್ಕೆ ಸಲ್ಲಬೇಕೆಂಬುದನ್ನು ಬಿಡಿಸಿ ಹೇಳುತ್ತದೆ. ನಾಲ್ಕು ಎಲ್ಲೆಗಳನ್ನು ಕಲ್ಲು, ಮರ, ಹಳ್ಳಗಳ ಸಮೇತ ಗುರುತಿಸುತ್ತದೆ. ಸ್ಥಾನಾಚಾರ್ಯನ ಕಾಲು ತೊಳೆದು ಧಾರಾಪೂರ್ವಕವಾಗಿ ಅವನ ವಶಕ್ಕೆ ಕೊಟ್ಟರೂ ಅವನು ಅದರ ಒಡೆಯನಾಗುವುದಿಲ್ಲ, ನಡಸುವವನಾಗುತ್ತಾನೆ. ಕೊನೆಗೆ, ಈ ಧರ್ಮವನ್ನು ಪಾಲಿಸಿದವರಿಗೆ ವಾರಣಾಸಿ ಕುರುಕ್ಷೇತ್ರಗಳಲ್ಲಿ ಕವಿಲೆಗಳನ್ನು ದಾನ ಮಾಡಿದ ಫಲವನ್ನೂ ಅಳಿದವರಿಗೆ ಅದೇ ತೀರ್ಥಗಳಲ್ಲಿ ಕವಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪವನ್ನೂ ಹೇಳುತ್ತದೆ. ಅಪೀಲು ಕೋರ್ಟಿಲ್ಲದ ಕಾಲದಲ್ಲಿ ಶಾಪವೇ ಜಾರಿಯ ಉಪಾಯ. ಅದು ಎಷ್ಟು ಕಾಲ ಕೆಲಸ ಮಾಡಿತೆಂಬುದು ಸಂಶಯಾಸ್ಪದ. ಕೇದಾರೇಶ್ವರನ ಗುಡಿ ಇಂದಿಗೂ ನಿಂತಿದೆ, ಮಠದ ಅನ್ನಛತ್ರವಾಗಲಿ ಚಿಕಿತ್ಸೆಯಾಗಲಿ ಉಳಿದಿಲ್ಲ. ದಾನಕ್ಕೆ ನಿಬಂಧನೆಯನ್ನು ಬರೆಯದಿದ್ದರೆ ಅದು ನಿಲ್ಲುವುದಿಲ್ಲವೆಂಬ ಅರಿವು ಮಾತ್ರ ಬರೆಯಿಸಿದವರಿಗೆ ಚೆನ್ನಾಗಿತ್ತು.

ಈ ಎರಡು ವ್ಯವಸ್ಥೆಗಳ ಮೇಲೆ ಬ್ರಿಟಿಷರ ನ್ಯಾಯಾಲಯಗಳು ಬಂದು ಕುಳಿತಾಗ ಪರಿಸ್ಥಿತಿ ಬದಲಾಯಿತು. ವೃದ್ಧರಾದ ತಂದೆತಾಯಿಗಳನ್ನು ಸಾಕುವುದು ಪಿತ್ರಾರ್ಜಿತ ಸ್ವತ್ತು ಇರಲಿ ಇಲ್ಲದಿರಲಿ ಮಗನ ವೈಯಕ್ತಿಕ ಹೊಣೆಯೆಂದು ಅವು ಒಪ್ಪಿಕೊಂಡವು. ಆದರೆ ಭರಣದ ಹಕ್ಕು ಸ್ವತ್ತನ್ನು ಹಿಂಬಾಲಿಸುತ್ತದೆಯೇ ಎಂಬಲ್ಲಿ ತೊಡಕು ಹುಟ್ಟಿತು. ಮುಂಬಯಿ ಹೈಕೋರ್ಟು 1877ರ ಒಂದು ಪ್ರಸಿದ್ಧ ತೀರ್ಪಿನಲ್ಲಿ, ವಿಧವೆಯ ಜೀವನಾಂಶವು ಡಿಕ್ರಿಯಿಂದಲೋ ಕರಾರಿನಿಂದಲೋ ನಿಗದಿಯಾಗುವವರೆಗೆ ಸ್ವತ್ತಿನ ಮೇಲಿನ ಭಾರವಾಗುವುದಿಲ್ಲವೆಂದು ಹೇಳಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕಡೆಯ ಕುಟುಂಬಗಳಿಗೂ ಇದೇ ಕಾನೂನು ಅನ್ವಯಿಸಿತು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 39ನೆಯ ಪ್ರಕರಣವು, ಭರಣದ ಹಕ್ಕಿರುವುದನ್ನು ತಿಳಿದೇ ಸ್ವತ್ತನ್ನು ಕೊಂಡವನಿಂದಲೂ, ಪುಕ್ಕಟೆಯಾಗಿ ಪಡೆದವನಿಂದಲೂ ಅದನ್ನು ವಸೂಲು ಮಾಡಬಹುದೆಂದು ಸ್ವಲ್ಪ ಆಸರೆ ಕೊಟ್ಟಿತು. ಅದೇ ಅಧಿನಿಯಮದ 126ನೆಯ ಪ್ರಕರಣವು ದಾನಪತ್ರಗಳ ವಿಷಯದಲ್ಲಿ ಕಟ್ಟುನಿಟ್ಟಾಗಿದೆ: ದಾನಿಯು ತನ್ನ ಇಚ್ಛೆ ಬಂದಾಗ ದಾನವನ್ನು ಹಿಂತೆಗೆದುಕೊಳ್ಳಲಾಗದು, ದಾನಿಯ ಇಚ್ಛೆಯನ್ನು ಅವಲಂಬಿಸದ ಇಂಥ ಘಟನೆ ನಡೆದರೆ ದಾನ ರದ್ದಾಗುವುದೆಂದು ಇಬ್ಬರೂ ಒಪ್ಪಿಕೊಂಡಿದ್ದರೆ ಮಾತ್ರ ಅದು ಸಾಧ್ಯ.

ಇದರ ಜೊತೆಗೆ 1898ರಲ್ಲಿ ಪ್ರಿವಿ ಕೌನ್ಸಿಲು ಇನ್ನೊಂದು ಹೆಜ್ಜೆಯಿಟ್ಟಿತು. ಸ್ವಯಾರ್ಜಿತವಾದ ಸ್ಥಿರಸ್ವತ್ತಿನ ವಿಲೇವಾರಿಗೂ ಮಕ್ಕಳ ಸಮ್ಮತಿ ಬೇಕೆಂದು ಮಿತಾಕ್ಷರೆಯು ಹೇಳಿದ್ದ ಮಾತು ಕೇವಲ ನೈತಿಕವಾದದ್ದು, ತಂದೆಯು ಅದನ್ನು ಮನಬಂದಂತೆ ಕೊಡಬಹುದು ಎಂದು ತೀರ್ಮಾನವಾಯಿತು. ವ್ಯಕ್ತಿಸ್ವಾತಂತ್ರ್ಯದ ದೃಷ್ಟಿಯಿಂದ ಇದು ಯೋಗ್ಯವೇ ಸರಿ. ಆದರೆ ತನ್ನ ದುಡಿಮೆಯಿಂದ ಮನೆ ಕಟ್ಟಿಸಿದ ಗುಮಾಸ್ತ, ಉಪಾಧ್ಯಾಯ, ವ್ಯಾಪಾರಿಗಳ ವರ್ಗವೊಂದು ಪಟ್ಟಣಗಳಲ್ಲಿ ಬೆಳೆಯುತ್ತಿದ್ದ ಕಾಲದಲ್ಲಿ, ತನ್ನದೆಲ್ಲವನ್ನೂ ಒಂದು ಸಹಿಯಿಂದ ಕೊಟ್ಟುಬಿಡುವ ಅಧಿಕಾರ ಮುದುಕನ ಕೈಗೆ ಬಂದಿತು. ವಿಜ್ಞಾನೇಶ್ವರನು ತೆರೆಯದ ಬಾಗಿಲು ಇದು.

ಸ್ತ್ರೀಯರ ವಿಷಯದಲ್ಲಿ ಬದಲಾವಣೆ ತಡವಾಗಿ ಬಂದಿತು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ಅವಿಭಕ್ತ ಕುಟುಂಬದ ವಿಭಾಗವಾದಾಗ ತಾಯಿ, ವಿಧವೆ, ಅವಿವಾಹಿತೆಯರಾದ ಹೆಣ್ಣುಮಕ್ಕಳಿಗೆ ಪಾಲನ್ನು ಗೊತ್ತುಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಪರಿಮಿತವಾದ ಹಕ್ಕು ದೊರೆತದ್ದು 1937ರಲ್ಲಿ. ಮೈಸೂರು ಅದಕ್ಕಿಂತ ಮುಂದಾಗಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಿಂದ ಅವಳ ಪರಿಮಿತ ಹಕ್ಕು ಸಂಪೂರ್ಣ ಒಡೆತನವಾಯಿತು. ಅದೇ ವರ್ಷದ ದತ್ತಕ ಮತ್ತು ಜೀವನಾಂಶ ಅಧಿನಿಯಮವು, ತಮ್ಮ ಸಂಪಾದನೆಯಿಂದಲೂ ಸ್ವತ್ತಿನಿಂದಲೂ ಬದುಕಲಾರದ ವೃದ್ಧ ಅಥವಾ ಅಶಕ್ತ ತಂದೆತಾಯಿಗಳನ್ನು ಮಗನಂತೆ ಮಗಳೂ ಸಾಕಬೇಕೆಂದು ವಿಧಿಸಿತು. ಮಕ್ಕಳಿಲ್ಲದ ಮಲತಾಯಿಯನ್ನೂ ತಾಯಿಯೆಂದೇ ಎಣಿಸಿತು. ಒಡತಿಯಾದವಳು ದಾನಿಯೂ ಆಗಬಲ್ಲಳು. ಅಂದಿನಿಂದ ದಾನಪತ್ರಗಳಲ್ಲಿ ತಾಯಂದಿರ ಹೆಬ್ಬೆಟ್ಟು ಬೀಳತೊಡಗಿತು.

ಹಳ್ಳಿಗಾಡಿನಲ್ಲಿ ಇನ್ನೊಂದು ಆಸರೆಯಿತ್ತು: ತಾನು ಉಳಲಾರದ ಮುದುಕನೋ ವಿಧವೆಯೋ ನೆಲವನ್ನು ಗೇಣಿಗೆ ಕೊಟ್ಟು, ಬಂದ ಭತ್ತ ರಾಗಿಗಳಿಂದ ಕಾಲ ಕಳೆಯುವುದು. 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದಾಗ ಈ ಆಸರೆ ತಪ್ಪಿತು. ಮುಂದೆ ಗೇಣಿಗೆ ಕೊಡುವ ಅವಕಾಶ ಯೋಧರಿಗೂ ನಾವಿಕರಿಗೂ ಮಾತ್ರ ಉಳಿಯಿತು. ಉಳುವವನಿಗೆ ನೆಲವನ್ನು ಕೊಡಿಸಿದ ಆ ಸುಧಾರಣೆಯ ಮಹತ್ತ್ವವನ್ನು ನಾವು ಕಡಿಮೆ ಮಾಡುವುದಿಲ್ಲ. ಗೇಣಿಯಿಂದ ಬದುಕುತ್ತಿದ್ದವರೆಲ್ಲ ದೊಡ್ಡ ಜಮೀನುದಾರರಾಗಿರಲಿಲ್ಲ ಎಂಬುದೂ ಚರಿತ್ರೆಯ ಒಂದು ಭಾಗವೇ.

ಅದೇ ವರ್ಷದ ಏಪ್ರಿಲಿನಲ್ಲಿ ಜಾರಿಗೆ ಬಂದ 1973ರ ದಂಡ ಪ್ರಕ್ರಿಯಾ ಸಂಹಿತೆಯು ಹೊಸದೊಂದನ್ನು ಸೇರಿಸಿತು. 1898ರ ಸಂಹಿತೆಯ 488ನೆಯ ಪ್ರಕರಣದಲ್ಲಿ ಹೆಂಡತಿ ಮಕ್ಕಳಿಗೆ ಮಾತ್ರವಿದ್ದ ಜೀವನಾಂಶದ ಪರಿಹಾರವು 125ನೆಯ ಪ್ರಕರಣದಲ್ಲಿ ತಂದೆತಾಯಿಗಳಿಗೂ ದೊರೆಯಿತು. ಯಾವ ಮತದವರಿಗೂ ಇದು ಅನ್ವಯಿಸುತ್ತಿತ್ತು. ವಿವಾಹಿತಳಾದ ಮಗಳಿಗೂ ಈ ಹೊಣೆಯುಂಟೆಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿತು. ಆದರೆ ತಿಂಗಳಿಗೆ 500 ರೂಪಾಯಿಯ ಮಿತಿಯು 2001ರವರೆಗೆ ಹಾಗೆಯೇ ಇತ್ತು. ಕೌಟಿಲ್ಯನ 12 ಪಣಗಳನ್ನು ನೆನೆದು ನಗುವ ಅಧಿಕಾರ ನಮಗಿಲ್ಲ. 2024ರ ಜುಲೈ 1ರಿಂದ ಇದೇ ವಿಧಿಯು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣವಾಗಿದೆ.

ಈ ಸಾಲಿನಲ್ಲಿ ಕೊನೆಯದು 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ. ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ನ್ಯಾಯಾಧಿಕರಣ, ವಕೀಲರಿಲ್ಲದ ವಿಚಾರಣೆ, 90 ದಿನಗಳ ಅವಧಿ, ತಿಂಗಳಿಗೆ 10,000 ರೂಪಾಯಿ ಮೀರದ ಜೀವನಾಂಶ, ಜಿಲ್ಲೆಗೊಂದರಂತೆ ಕನಿಷ್ಠ 150 ಜನರಿಗೆ ಸ್ಥಳವಿರುವ ವೃದ್ಧಾಶ್ರಮ, ಇವೆಲ್ಲ ಅದರ ಏರ್ಪಾಡುಗಳು. ನಮ್ಮ ವಾದಕ್ಕೆ ಮುಖ್ಯವಾದದ್ದು 23ನೆಯ ಪ್ರಕರಣ. ಮೂಲಭೂತ ಸೌಕರ್ಯಗಳನ್ನೂ ದೈಹಿಕ ಅಗತ್ಯಗಳನ್ನೂ ಒದಗಿಸಬೇಕೆಂಬ ಷರತ್ತಿನ ಮೇಲೆ ಹಿರಿಯ ನಾಗರಿಕನು ಸ್ವತ್ತನ್ನು ವರ್ಗಾಯಿಸಿ, ಪಡೆದವನು ಹಾಗೆ ಮಾಡದೆಹೋದರೆ, ಆ ವರ್ಗಾವಣೆಯು ವಂಚನೆ, ಬಲಾತ್ಕಾರ ಅಥವಾ ಅನುಚಿತ ಪ್ರಭಾವದಿಂದ ಆದದ್ದೆಂದು ಭಾವಿಸಿ ಅವನ ಇಚ್ಛೆಯಂತೆ ಅದನ್ನು ಅನೂರ್ಜಿತಗೊಳಿಸಬಹುದು. 126ನೆಯ ಪ್ರಕರಣದ ಬೀಗಕ್ಕೆ ಶಾಸನಸಭೆಯು ಮಾಡಿಸಿದ ಕೀಲಿಕೈ ಇದು. ಆದರೆ ಕೀಲಿಕೈ ಹೊಂದಬೇಕಾದರೆ ಷರತ್ತೊಂದು ಇರಲೇಬೇಕು.

ಈಗ ನಮ್ಮ ನಾಡಿನ ಉಪನೋಂದಣಾಧಿಕಾರಿಗಳ ಕಚೇರಿಯ ಮುಂದೆ ಪತ್ರಬರಹಗಾರರು ಬರೆಯುವ ದಾನಪತ್ರದ ಒಕ್ಕಣೆಯನ್ನು ನೋಡೋಣ. ‘ನಿಮ್ಮ ಮೇಲಿರುವ ಪ್ರೀತಿ ವಿಶ್ವಾಸಗಳಿಂದ’ ಎಂದು ಅದು ಕಾರಣ ಹೇಳುತ್ತದೆ, ಚಕ್ಕುಬಂದಿಯನ್ನು ವಿವರಿಸುತ್ತದೆ, ಇಂದಿನಿಂದ ಸ್ವತ್ತಿನಲ್ಲಿ ತನಗಾಗಲಿ ತನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇಲ್ಲವೆಂದೂ, ಖಾತೆ ಮಾಡಿಸಿಕೊಂಡು ಸುಖವಾಗಿ ಅನುಭವಿಸಬೇಕೆಂದೂ ಹೇಳಿ ಬಿಕ್ಕಲಂ, ಸಾಕ್ಷಿಗಳೊಡನೆ ಮುಗಿಯುತ್ತದೆ. ಎಲ್ಲೆಗಳ ವಿಚಾರದಲ್ಲಿ ಬಳ್ಳಿಗಾವೆಯ ಶಾಸನದಷ್ಟೇ ಎಚ್ಚರ. ಆದರೆ ಹುಟ್ಟುವಳಿಯಿಂದ ಯಾರ ಊಟ ನಡೆಯಬೇಕು, ಕಾಯಿಲೆ ಬಿದ್ದರೆ ಯಾರು ನೋಡಬೇಕು, ದಾನಿಯು ಯಾವ ಕೋಣೆಯಲ್ಲಿ ಇರಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲದಿರುವುದೇ ಹೆಚ್ಚು. ಮಗನಿಗೆ ಷರತ್ತು ಹಾಕುವುದು ನಾಚಿಕೆಯ ವಿಷಯವೆಂದು ತಂದೆತಾಯಿಗಳು ಭಾವಿಸುತ್ತಾರೆ. ದೇವರಿಗೇ ಷರತ್ತು ಹಾಕಿ ಬರೆಯಿಸಿದ ಹಿಂದಿನವರಿಗೆ ಈ ನಾಚಿಕೆ ಇರಲಿಲ್ಲ.

ಈ ಮೌನದ ಬೆಲೆ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಗೊತ್ತಾಯಿತು. ತಾಯಿಯೊಬ್ಬಳು ಮಾಡಿಕೊಟ್ಟಿದ್ದ ಹಕ್ಕು ಬಿಡುಗಡೆ ಪತ್ರದಲ್ಲಿ ಪೋಷಣೆಯ ಷರತ್ತು ಇರಲಿಲ್ಲ. ಇದ್ದಿತೆಂದು ಸಿದ್ಧಪಡಿಸಿಯೂ ಇರಲಿಲ್ಲ. ಪ್ರೀತಿಯಿಂದ ಕೊಟ್ಟಾಗ ಪ್ರತಿಯಾಗಿ ಪೋಷಣೆಯನ್ನು ನಿರೀಕ್ಷಿಸಿರಬೇಕಾದ್ದೇನೂ ಇಲ್ಲ, ಷರತ್ತನ್ನು ಸಾಬೀತುಪಡಿಸದೆ 23ನೆಯ ಪ್ರಕರಣ ಅನ್ವಯಿಸದು ಎಂದು ನ್ಯಾಯಾಲಯ ಹೇಳಿತು. 2025ರ ಜನವರಿ 2ರಂದು ಅದೇ ಕೋರ್ಟಿನ ಇನ್ನೊಂದು ಪೀಠವು ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ತಾಯಿಯ ಪರವಾಗಿ ತೀರ್ಪಿತ್ತಿತು. ಹಿತಕ್ಕಾಗಿ ಮಾಡಿದ ಕಾನೂನನ್ನು ಉದಾರವಾಗಿ ಅರ್ಥೈಸಬೇಕೆಂದಿತು. ಈ ಎರಡನೆಯ ತಾಯಿಯ ಬಳಿ, ಕೊನೆಯವರೆಗೆ ನೋಡಿಕೊಳ್ಳುತ್ತೇನೆಂದು ಮಗನು ಬರೆದುಕೊಟ್ಟ ವಚನಪತ್ರವೊಂದಿತ್ತೆಂಬುದು ಗಮನಿಸತಕ್ಕದ್ದು. ಉದಾರತೆಗೂ ನಿಲ್ಲಲು ಒಂದು ಕಾಗದ ಬೇಕಾಯಿತು. ಹಿರಿಯರ ಹಕ್ಕಿಗೂ ಒಂದು ಎಲ್ಲೆಯುಂಟು: ಬೆಂಗಳೂರಿನಿಂದ ಹೋದ ಮೊಕದ್ದಮೆಯೊಂದರಲ್ಲಿ 2020ರ ಡಿಸೆಂಬರ್ 15ರಂದು, ಸೊಸೆಗೆ ಗೃಹಹಿಂಸೆಯ ಕಾನೂನಿನಿಂದ ಬಂದ ವಾಸದ ಹಕ್ಕನ್ನು ಈ ಅಧಿನಿಯಮದ ಹೆಸರಿನಲ್ಲಿ ಸುಲಭವಾಗಿ ತಳ್ಳಿಹಾಕುವಂತಿಲ್ಲವೆಂದು ಅದೇ ನ್ಯಾಯಾಲಯ ಹೇಳಿದೆ.

ಚಿತ್ತವು ವಿಪರೀತವಾದ ತಂದೆಯ ಪ್ರಶ್ನೆಗೆ ಮತ್ತೆ ಬರೋಣ. ಇಂದು ಮರೆವಿನ ರೋಗದಿಂದಲೋ ಪಾರ್ಶ್ವವಾಯುವಿನಿಂದಲೋ ಎಚ್ಚರ ತಪ್ಪಿದವನ ಬ್ಯಾಂಕಿನ ಖಾತೆಯನ್ನು, ಮನೆಯನ್ನು ಯಾರು ನಡಸಬೇಕು? ಮುಂಜಾಗ್ರತೆಯಿಂದ ಮುಖ್ತ್ಯಾರ್‌ನಾಮೆ ಬರೆದಿಟ್ಟರೆ ಸಾಲದು. 1872ರ ಕರಾರು ಅಧಿನಿಯಮದ 201ನೆಯ ಪ್ರಕರಣದಂತೆ, ಬರೆದುಕೊಟ್ಟವನ ಬುದ್ಧಿ ಕೆಟ್ಟೊಡನೆ ಮುಖ್ತ್ಯಾರನ ಅಧಿಕಾರವೂ ಕೊನೆಗಾಣುತ್ತದೆ. ಎಂದರೆ ಅದು ಬೇಕಾಗುವ ಹೊತ್ತಿಗೇ ಇಲ್ಲವಾಗುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಸಮಯದಲ್ಲಿಯೂ ನಿಲ್ಲುವ ಮುಖ್ತ್ಯಾರ್‌ನಾಮೆಗೆ 1985ರಲ್ಲಿಯೇ ಕಾನೂನಾಯಿತು. ನಮ್ಮಲ್ಲಿ 1912ರ ಉನ್ಮಾದ ಕಾಯಿದೆಯೂ ಅದರ ಸ್ಥಾನಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಅಧಿನಿಯಮವೂ ಜಿಲ್ಲಾ ನ್ಯಾಯಾಲಯದ ವಿಚಾರಣೆಯ ಮೂಲಕ ಸ್ವತ್ತಿಗೆ ವ್ಯವಸ್ಥಾಪಕನನ್ನು ನೇಮಿಸುವ ದಾರಿಯನ್ನು ಇಟ್ಟಿದ್ದವು. 2017ರ ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮವು ರೋಗಿಯ ಘನತೆಗೆ ಬಹಳ ಬೆಲೆ ಕೊಟ್ಟು, ಚಿಕಿತ್ಸೆಯ ಬಗೆಗೆ ಮುಂಚಿತವಾಗಿ ನಿರ್ದೇಶ ಬರೆದಿಡುವ ಹಕ್ಕನ್ನು ಕೊಟ್ಟಿತು. ಸ್ವತ್ತಿನ ಅಧ್ಯಾಯವನ್ನು ಮಾತ್ರ ಕೈಬಿಟ್ಟಿತು. ಆದುದರಿಂದ ಮನೆಯವರು ಸಂವಿಧಾನದ 226ನೆಯ ಅನುಚ್ಛೇದದಡಿ ಹೈಕೋರ್ಟಿಗೆ ಹೋಗಬೇಕಾಗಿದೆ. ಕೇರಳದ ಹೈಕೋರ್ಟು 2019ರಲ್ಲಿ ಎಚ್ಚರ ತಪ್ಪಿದವರ ಪಾಲಕರ ನೇಮಕಕ್ಕೆ ಮಾರ್ಗಸೂತ್ರಗಳನ್ನು ತಾನೇ ರಚಿಸಿಕೊಂಡಿತು. ಶಂಖನ ಒಂದು ವಚನ ಮುಟ್ಟಿದ್ದ ಸ್ಥಳವನ್ನು ನಮ್ಮ ಶಾಸನಸಭೆಗಳು ತುಂಬಿಲ್ಲ.

ಕೌಟಿಲ್ಯನ ಎರಡನೆಯ ಮೆಟ್ಟಿಲಿನ, ಎಂದರೆ ಅರಸಿನ ಹೊಣೆಯ ಮಾತನ್ನು ಸಂಗ್ರಹವಾಗಿ ಹೇಳಬಹುದು. ಸಂವಿಧಾನದ 41ನೆಯ ಅನುಚ್ಛೇದವು ವಾರ್ಧಕ್ಯ, ಕಾಯಿಲೆ, ಅಂಗವಿಕಲತೆಗಳಲ್ಲಿ ಸಾರ್ವಜನಿಕ ಸಹಾಯವನ್ನು ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ ಒದಗಿಸಬೇಕೆಂದು ಹೇಳುತ್ತದೆ. 1995ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 65 ವರ್ಷ ಮೀರಿದ ನಿರ್ಗತಿಕರಿಗೆ ಕೇಂದ್ರವು ತಿಂಗಳಿಗೆ 75 ರೂಪಾಯಿ ಕೊಟ್ಟಿತು. ಅದು ಮುಂದೆ 200 ಆಯಿತು, 2011ರಲ್ಲಿ ವಯಸ್ಸು 60ಕ್ಕೆ ಇಳಿದು 80 ತುಂಬಿದವರಿಗೆ 500 ಆಯಿತು. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ ಆರಂಭವಾದದ್ದು 2007ರಲ್ಲಿ. 2024ರ ಅಕ್ಟೋಬರಿನಿಂದ 70 ದಾಟಿದವರೆಲ್ಲರಿಗೂ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ವೆಚ್ಚದ ಯೋಜನೆ ವಿಸ್ತರಿಸಿದೆ. ಆದರೆ ಇದೆಲ್ಲವೂ ಹಣ ಅಥವಾ ಆಸ್ಪತ್ರೆ. ಹಾಸಿಗೆ ಹಿಡಿದವಳಿಗೆ ಮೈ ತೊಳೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸುವ ವರ್ಷಾನುಗಟ್ಟಲೆಯ ಶುಶ್ರೂಷೆಯು ಇವುಗಳ ಲೆಕ್ಕದಲ್ಲಿ ಬರುವುದಿಲ್ಲ. ಶುಶ್ರೂಷೆಯೆಂಬ ಪದದ ಮೂಲಾರ್ಥ ಕೇಳಬೇಕೆಂಬ ಇಚ್ಛೆ. ಹತ್ತಿರ ಕುಳಿತು ಕೇಳುವವರು ಇಲ್ಲದೆ ಅದು ನಡೆಯದು. ಜರ್ಮನಿಯಲ್ಲಿ 1995ರಿಂದ, ಜಪಾನಿನಲ್ಲಿ 2000ದಿಂದ ಈ ಕೆಲಸಕ್ಕೇ ಪ್ರತ್ಯೇಕವಾದ ಕಡ್ಡಾಯ ವಿಮೆಯುಂಟು. ನಮ್ಮಲ್ಲಿ ಅದು ಈಗಲೂ ಮನೆಯ ಹೆಂಗಸರ ಪಾಲಿಗೆ ಬಿದ್ದ ಕೂಲಿಯಿಲ್ಲದ ದುಡಿಮೆ. 2011ರ ಜನಗಣತಿಯಲ್ಲಿ ದೇಶದಲ್ಲಿ 60 ವರ್ಷ ಮೀರಿದವರು 10 ಕೋಟಿಗೂ ಹೆಚ್ಚು ಇದ್ದರೆಂಬುದನ್ನು ಇದರೊಡನೆ ಸೇರಿಸಿ ಓದಬೇಕು.

2007ರ ಅಧಿನಿಯಮದ ತಿದ್ದುಪಡಿಗೆ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆ ಮಂಡಿತವಾಯಿತು. ಪೋಷಣೆಯೆಂಬ ಪದದ ವ್ಯಾಖ್ಯೆಯಲ್ಲಿ ಆರೋಗ್ಯಪಾಲನೆ, ಸುರಕ್ಷತೆಗಳನ್ನು ಸೇರಿಸುವುದು, 10,000 ರೂಪಾಯಿಯ ಮಿತಿಯನ್ನು ತೆಗೆಯುವುದು, ಮಕ್ಕಳೆಂಬ ಮಾತಿನಲ್ಲಿ ಅಳಿಯ ಸೊಸೆಯರನ್ನು ತರುವುದು, ಮನೆಯಲ್ಲಿಯೇ ಆರೈಕೆ ಮಾಡುವ ಸಂಸ್ಥೆಗಳನ್ನು ನೋಂದಾಯಿಸುವುದು ಅದರ ಉದ್ದೇಶಗಳಾಗಿದ್ದವು. ಸ್ಥಾಯೀ ಸಮಿತಿಯು ಅದನ್ನು ಪರಿಶೀಲಿಸಿ 2021ರಲ್ಲಿ ವರದಿ ಕೊಟ್ಟಿತು. ಮಸೂದೆ ಅಂಗೀಕಾರವಾಗದೆ 2024ರಲ್ಲಿ ಆ ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. 23ನೆಯ ಪ್ರಕರಣದಲ್ಲಿರುವ ‘ಷರತ್ತು’ ಎಂಬ ಪದವು ಬರಹದಲ್ಲಿರಬೇಕೋ, ನಡತೆಯಿಂದ ಊಹಿಸಬಹುದೋ ಎಂಬ ಪ್ರಶ್ನೆಯನ್ನು ಉಪವಿಭಾಗಾಧಿಕಾರಿಗಳು ಒಂದೊಂದು ಮೊಕದ್ದಮೆಯಲ್ಲಿಯೂ ಹೊಸದಾಗಿ ಬಿಡಿಸಬೇಕಾಗಿದೆ.